ತಾಮ್ರದ ತಗಡಿನ ಹುಡುಗಿ

"ರೀ ಸ್ವಾಮಿ! ಕಾಲೆತ್ತಿ! ನನ್ನ ಸಸಿ ತುಳೀತಿದ್ದೀರಿ!"

ವೆಖ್ಟ್ ನದಿ ದಂಡೆಯ ದೊಡ್ಡಮನೆ ತೋಟದಲ್ಲಿ ಲೈಸ್ಬೆತ್ ಕೂಗಿದ ಕೂಗಿಗೆ ಬಾತುಕೋಳಿಗಳೂ ಹಾರಿಹೋದವು. ತೋಟಗಾರನ ಮಗಳು ಅವಳು. ಆ ಸಾಲುಗಳನ್ನೆಲ್ಲ ದಾರ ಹಿಡಿದು ನೆಟ್ಟವಳೂ ಅವಳೇ.

ಕಾಲೆತ್ತಿದವನು ಯೂಸ್ಟ್. ಯಜಮಾನರ ಮನೆ, ತೋಟದ ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೆತ್ತಿ ಹಾಳೆಯ ಮೇಲೆ ಅಚ್ಚು ಹಾಕಲು ಆಮ್‌ಸ್ಟರ್‌ಡ್ಯಾಮಿನಿಂದ ಬಂದಿದ್ದ. ಒಂಟಿಕಾಲಲ್ಲೇ ನಿಂತು ಕೇಳಿದ, "ಈ ಕಾಲನ್ನ ಎಲ್ಲಿಡಲಿ, ನೀವೇ ಹೇಳಿ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಅವಳ ಕಥೆ ಮುಗೀತು ಅನ್ನಿ!

ಆಮೇಲೆ ಆರು ವಾರ ದಿನಾ ಮಾತು, ದಿನಾ ನಗು. ಹೊರಡುವ ದಿನ ಅವನು ತಗಡು ತಂದು ತೋರಿಸಿದ. "ನನ್ನ ಮನಸ್ಸಲ್ಲಿರೋದನ್ನ ಇದರಲ್ಲೇ ಕೆತ್ತಿದ್ದೀನಿ. ನೋಡಿ ಹೇಳಿ..."

ಆ ತೋಟದಲ್ಲಿ ಎಡಕ್ಕೇನಿದೆಯೋ ಬಲಕ್ಕೂ ಅದೇ. ಎರಡು ತುದಿಗೂ ಒಂದೇ ಥರದ ಪುಟ್ಟ ಮಂಟಪ. ಎಡಗಡೆಯದು ಯಜಮಾನರ ಮಗಳು ಪೆಟ್ರೊನೆಲ್ಲಾ ಟೀ ಕುಡಿಯುವ ಜಾಗ. ಬಲಗಡೆಯದರಲ್ಲಿ ಲೈಸ್ಬೆತ್ ಬೀಜ ಇಡುತ್ತಿದ್ದಳು.

ತಗಡಿನಲ್ಲಿ, ಎಡಗಡೆಯ ಮಂಟಪದ ಬಾಗಿಲಲ್ಲಿ, ಜೀರಿಗೆಯಷ್ಟು ಚಿಕ್ಕ ಹುಡುಗಿ. ಅವಳೆದುರು ಟೋಪಿ ತೆಗೆದು ನಿಂತ ಒಬ್ಬ ಗಂಡು. ಕಣ್ಣಲ್ಲಿ ನೀರು ತುಂಬಿ ಮಿಕ್ಕಿದ್ದೇನೂ ಲೈಸ್ಬೆತ್‌ಗೆ ಕಾಣಲಿಲ್ಲ.

ಪೆಟ್ರೊನೆಲ್ಲಾ! ಅಯ್ಯೋ, ನಾನೆಂಥ ಪೆದ್ದಿ...

"ಚೆನ್ನಾಗಿದೆ. ನಿಮಗೆ ಒಳ್ಳೇದಾಗಲಿ," ಅಂದವಳೇ ನಡೆದುಬಿಟ್ಟಳು. ದಂಡೆ ಮೇಲಿನ ಕುದುರೆ ಹಗ್ಗ ಕಟ್ಟಿ ಎಳೆಯುವ ದೋಣಿ ಅವನನ್ನು ಹತ್ತಿಸಿಕೊಂಡು ಹೋದಾಗ ಅವಳು ದಡಕ್ಕೂ ಬರಲಿಲ್ಲ.

ಹತ್ತು ದಿನ ಕತ್ತರಿ ಹಿಡಿದು ಗಿಡಗಳ ಮೇಲೆ ಕೋಪ ತೀರಿಸಿಕೊಂಡಳು. "ಸಾಕು ತಾಯಿ, ಬೇಲಿ ಬೋಳಾಗ್ತಿದೆ!" ಅಂತ ಅಪ್ಪ ಕೈಮುಗಿದ.

ಹನ್ನೊಂದನೇ ದಿನ ಯೂಸ್ಟ್ ಬಂದ. ಕೈಯಲ್ಲಿ ಅಚ್ಚಾದ ಮೊದಲ ಹಾಳೆ. "ನಾನೇನು ತಪ್ಪು ಮಾಡ್ದೆ ಅಂತಾದ್ರೂ ಹೇಳ್ರೀ!"

"ಪೆಟ್ರೊನೆಲ್ಲಾ ಅವರಿಗೇ ತೋರಿಸಿ, ಹೋಗಿ."

"ಅವರಿಗ್ಯಾಕೆ?"

ಲೈಸ್ಬೆತ್ ಹಾಳೆ ಕಿತ್ತುಕೊಂಡಳು. "ಇಲ್ಲಿ ನಿಂತಿದ್ದಾರಲ್ಲ, ಎಡಗಡೆ..."

ಎಡಗಡೆ ಯಾರೂ ಇರಲಿಲ್ಲ! ಹುಡುಗಿ ನಿಂತಿದ್ದದ್ದು ಬಲಗಡೆ, ಬೀಜದ ಮಂಟಪದ ಬಾಗಿಲಲ್ಲಿ.

ಯೂಸ್ಟ್ ಹಣೆ ಚಚ್ಚಿಕೊಂಡ. "ಅಯ್ಯೋ ದೇವರೇ! ತಾಮ್ರದಲ್ಲಿ ಎಡಕ್ಕಿರೋದು ಅಚ್ಚಲ್ಲಿ ಬಲಕ್ಕೆ ಬರುತ್ತೆ. ನನಗೆ ತಿರುಗಿಸಿ ಕೆತ್ತೋದೇ ಅಭ್ಯಾಸ, ನಿಮಗೆ ಹೇಳೋದನ್ನೇ ಮರೆತೆ!"

ಆಗ ಅವಳು ಸರಿಯಾಗಿ ನೋಡಿದಳು. ಆ ಪುಟ್ಟ ಗಂಡು ಒಂಟಿಕಾಲಲ್ಲಿ ನಿಂತಿದ್ದ...

ಅವಳಿಗೆ ನಗುವೂ ಬಂತು, ಅಳುವೂ ಬಂತು. "ಇನ್ನೂ ಕಾಲೆತ್ತಿಕೊಂಡೇ ಇದ್ದೀಯಾ?"

"ಎಲ್ಲಿಡಬೇಕು ಅಂತ ನೀನು ಹೇಳಲೇ ಇಲ್ಲವಲ್ಲ!"

"ಇಲ್ಲಿಡು, ನನ್ನ ಪಕ್ಕದಲ್ಲಿ," ಅಂದಳು ಲೈಸ್ಬೆತ್. "ಸಸಿ ಮಾತ್ರ ತುಳೀಬೇಡ!"