ಸೋಮಾರಿಯ ನೀರಿನ ಬಟ್ಟಲು

"ಹತ್ತಿರ ಬರಬೇಡಿ! ಬೀಳಿಸಿಬಿಡ್ತೀನಿ!"

ಸಾಕುಪ್ರಾಣಿಗಳ ಅಂಗಡಿಯ ಬಾಗಿಲಲ್ಲಿ ನಿಂತು ಆ ಎತ್ತರದ ಮನುಷ್ಯ ಕೂಗಿದ ರಭಸಕ್ಕೆ ಗಿಳಿಗಳೆಲ್ಲ ಒಮ್ಮೆಲೇ ಸುಮ್ಮನಾದವು. ಅವನ ಕೈಯಲ್ಲಿ ಬೆಡ್‌ಶೀಟ್ ಸುತ್ತಿದ ಗಾಜಿನ ಪೆಟ್ಟಿಗೆ. ಕೈಗಳನ್ನು ಆದಷ್ಟು ಮುಂದೆ ಚಾಚಿ, ಮುಖವನ್ನು ಆದಷ್ಟು ಹಿಂದೆ ಎಳೆದುಕೊಂಡಿದ್ದ.

ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ ಮೆಲ್ಲಗೆ ಹೋಗಿ ಪೆಟ್ಟಿಗೆಯನ್ನು ಇಳಿಸಿಕೊಂಡಳು. ಹೆದರಿದವರ ಬಳಿ ಹೇಗೆ ಹೋಗಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳೇ ಸಣ್ಣ ಸದ್ದಿಗೂ ಬೆಚ್ಚುತ್ತ ಬೆಳೆದವಳು.

"ಮಾರೋಕೆ ತಂದ್ರಾ?"

"ಅಲ್ಲ... ಇದಕ್ಕೆ ನೀರು ಹಾಕಿಕೊಡಿ. ಅಷ್ಟೇ!"

ಬೆಡ್‌ಶೀಟ್ ಸರಿಸಿದಳು. ಒಳಗೆ ಒಂದು ಟರಾಂಟುಲಾ. ಅಂಗೈ ಅಗಲದ, ಮೈತುಂಬ ಕಂದು ರೋಮದ ಜೇಡ ಮೂಲೆಯಲ್ಲಿ ಮುದುರಿ ಕೂತಿತ್ತು. ನೀರಿನ ಬಟ್ಟಲು ಪೂರ್ತಿ ಒಣಗಿತ್ತು. ಮುಚ್ಚಳದ ಜಾಲರಿಯ ಮೇಲಿಂದ ಯಾರೋ ನೀರು ಸುರಿದು ಮಣ್ಣೆಲ್ಲ ಕೆಸರಾಗಿತ್ತು.

"ಮುಚ್ಚಳ ತೆಗೆಯೋ ಧೈರ್ಯ ಬರಲಿಲ್ಲ," ಅವನು ಹಣೆ ಒರೆಸಿಕೊಂಡ. "ನನ್ನ ತಂಗಿದು. ಅವಳು ಹೋಗಿ ಇಪ್ಪತ್ತು ದಿನ ಆಯ್ತು. ಆಸ್ಪತ್ರೆಯಲ್ಲಿ ಕಡೇದಾಗಿ ಹೇಳಿದ್ದು ಇದೊಂದೇ... 'ಅಣ್ಣಾ, ನನ್ನ ಸೋಮಾರಿಗೆ ನೀರು ತಪ್ಪಿಸಬೇಡ'."

ಅವಳಿಗೆ ಏನು ಹೇಳಿದರೂ ಕಡಿಮೆಯೇ ಅನ್ನಿಸಿ ಮಾತು ತಿರುಗಿಸಿದಳು.

"ನೀವೇನು ಕೆಲಸ ಮಾಡ್ತೀರಿ?"

"ಲಿಫ್ಟ್ ರಿಪೇರಿ."

"ಹದಿನಾಲ್ಕನೇ ಮಹಡಿಯಲ್ಲಿ ಕತ್ತಲಲ್ಲಿ ನೇತಾಡೋರು ಇದಕ್ಕೆ ಹೆದರ್ತೀರಾ?"

"ಲಿಫ್ಟಿಗೆ ಎಂಟು ಕಾಲಿರಲ್ಲ, ಮೇಡಂ!"

ಇಬ್ಬರೂ ನಕ್ಕರು. ಇಪ್ಪತ್ತು ದಿನದ ನಂತರ ಅವನು ನಕ್ಕಿದ್ದು ಅದೇ ಮೊದಲು. ಅದು ಅವಳಿಗೆ ಗೊತ್ತಿರಲಿಲ್ಲ.

ಅಂದಿನಿಂದ ಮಂಗಳವಾರ, ಶುಕ್ರವಾರ ಸಂಜೆ ಅವನ ಮನೆಗೆ ಹೋಗಿ ನೀರು ತುಂಬುವುದು ಅವಳ ಪಾಲಿಗೆ ಬಂತು. ಉದ್ದನೆಯ ಚಿಮುಟದಿಂದ ಬಟ್ಟಲನ್ನು ಎತ್ತಿ, ತೊಳೆದು, ಜೇಡ ಕೂರುವ ಮೂಲೆಗೆ ದೂರವಾಗಿ ಇಟ್ಟು, ಅಂಚಿನ ತನಕ ನೀರು ಹಾಕುತ್ತಿದ್ದಳು.

ಮೊದಲ ವಾರ ಅವನು ಹೊಸ್ತಿಲಾಚೆ ನಿಂತ. ಎರಡನೇ ತಿಂಗಳಿಗೆ ನೀರಿನ ಬಾಟಲಿ ಹಿಡಿದು ಅವಳ ಪಕ್ಕದಲ್ಲೇ ನಿಲ್ಲತೊಡಗಿದ. ಅಷ್ಟರಲ್ಲಿ 'ನೀವು' ಹೋಗಿ 'ನೀನು' ಆಗಿತ್ತು.

"ಇದು ನನ್ನನ್ನೇ ದಿಟ್ಟಿಸ್ತಿದೆ ಕಣೇ!"

"ಅದಕ್ಕೆ ಕಣ್ಣು ಸರಿಯಾಗಿ ಕಾಣಲ್ಲ. ದಿಟ್ಟಿಸ್ತಿರೋದು ನಾನು."

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ಮಾತಾಡುವ ಮುನ್ನ ಹತ್ತು ಸಲ ಯೋಚಿಸುವವಳ ಬಾಯಿಂದ ಅದು ಹೇಗೆ ಜಾರಿತೋ! ಅವನು ಬಾಟಲಿ ಹಿಡಿದುಕೊಂಡೇ ಕೆಂಪಗಾದ.

ಆರನೇ ತಿಂಗಳಲ್ಲಿ ಸೋಮಾರಿ ತಿನ್ನುವುದನ್ನು ಬಿಟ್ಟಿತು. ಅದರ ಹೊಟ್ಟೆಯ ಮೇಲಿನ ಬೋಳು ಜಾಗ ಕಪ್ಪಾಯಿತು. ಇನ್ನೇನು ಪೊರೆ ಬಿಡುತ್ತದೆ ಎಂದು ಅವಳಿಗೆ ತಿಳಿಯಿತು. ಅಂಗಾತ ಮಲಗಿ, ಹಳೆಯ ಚರ್ಮವನ್ನು ಬಟ್ಟೆಯ ಹಾಗೆ ಕಳಚುತ್ತದೆ. ನೋಡಿದವರಿಗೆ ಸತ್ತಂತೆಯೇ ಕಾಣುತ್ತದೆ.

ಇವನಿಗೆ ಹೇಳಬೇಕು... ಆದರೆ ಹೇಗೆ? ಅದು ಒಮ್ಮೆ ತಿನ್ನದಿದ್ದಾಗ ಎರಡು ದಿನ ರಜೆ ಹಾಕಿ, ತಾನೂ ಊಟ ಬಿಟ್ಟು ಪೆಟ್ಟಿಗೆಯ ಮುಂದೆ ಕೂತಿದ್ದವನು. ಅವನೆದುರು 'ಸತ್ತಂತೆ' ಎಂಬ ಮಾತು ಎತ್ತುವುದೇ?

ಆ ಮಂಗಳವಾರ ಬಟ್ಟಲು ತುಂಬಿಸುತ್ತ ಮೆತ್ತನೆಯ ಮಾತೊಂದಕ್ಕೆ ಹುಡುಕಿದಳು. ಸಿಗಲಿಲ್ಲ. ಶುಕ್ರವಾರ ಹೇಳಿದರಾಯಿತು ಎಂದುಕೊಂಡಳು.

ಶುಕ್ರವಾರ ಅವನು ಬಾಗಿಲನ್ನು ಅರ್ಧ ಮಾತ್ರ ತೆರೆದ. ಕಣ್ಣು ಊದಿಕೊಂಡಿತ್ತು.

"ಮಂಗಳವಾರ ನೀರು ಹಾಕಿದ್ರಾ?"

ಆ ಬಹುವಚನಕ್ಕೇ ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಹಾಕಿದ್ದೆ... ಅಂಚಿನ ತನಕ."

"ಸುಳ್ಳು! ಬಟ್ಟಲಲ್ಲಿ ಒಂದು ಹನಿ ಇರಲಿಲ್ಲ, ಬರೀ ಮಣ್ಣು! ಬುಧವಾರ ಬೆಳಗ್ಗೆ ನೋಡಿದ್ರೆ ಅಂಗಾತ ಬಿದ್ದಿತ್ತು. ಕಾಲೆಲ್ಲ ಮೇಲೆ..."

"ಈಗ... ಈಗ ಎಲ್ಲಿದೆ?"

"ಹೂತೆ. ನಾನೇ ಹೂತೆ. ಮೊದಲನೇ ಸಲ ಅದನ್ನ ಕೈಯಲ್ಲಿ ಎತ್ತಿಕೊಂಡೆ ಗೊತ್ತಾ? ಕಾಲು ಇನ್ನೂ ಮೆತ್ತಗಿತ್ತು. ನಾಯಿ ಕೆದಕಬಾರದು ಅಂತ ಮಣ್ಣನ್ನ ಗಟ್ಟಿಯಾಗಿ ತುಳಿದೆ."



ಅವಳಿಗೆ ಎಲ್ಲವೂ ಅರ್ಥವಾಯಿತು. ಮಲಗುವ ಮುನ್ನ ಜೇಡ ಮಣ್ಣನ್ನು ಎಳೆದು ತಂದು ಬಟ್ಟಲಿಗೆ ತುಂಬಿದೆ. ಇದ್ದ ನೀರನ್ನೆಲ್ಲ ಮಣ್ಣು ಹೀರಿಕೊಂಡಿದೆ. ಮತ್ತೆ ಇವನು ಎತ್ತಿಕೊಂಡಾಗ... ಅದಕ್ಕೆ ಜೀವವಿತ್ತು.

ಎರಡು ದಿನ ಕಳೆದಿತ್ತು. ಈಗ ಅಗೆದು ತೆಗೆದರೂ ಉಳಿಯುವಂಥದ್ದು ಏನೂ ಇರಲಿಲ್ಲ.

ಒಂದೇ ಒಂದು ಮಾತು ಹೇಳಿದರೆ ಅವಳು ನಿರಪರಾಧಿ. ಆದರೆ ಆ ಮಾತು ಕೇಳಿದ ಮೇಲೆ ಇವನು ಉಳಿಯುತ್ತಾನೆಯೇ? ತಂಗಿ ಬಿಟ್ಟುಹೋದ ಜೀವವನ್ನು ತನ್ನ ಕೈಯಾರೆ...

"ನನ್ನದೇ ತಪ್ಪು," ಅಂದಳು. "ಕ್ಷಮಿಸಿ."

"ಒಂದು ಬಟ್ಟಲು ನೀರು! ಅಷ್ಟೂ ಆಗಲಿಲ್ವಾ ನಿಮ್ಮ ಕೈಲಿ? ಇನ್ನು ಈ ಕಡೆ ಬರಬೇಡಿ."

ಬಾಗಿಲು ಮುಚ್ಚಿತು. ಮೂರು ಮಹಡಿಯ ಮೆಟ್ಟಿಲುಗಳನ್ನು ಹೇಗೆ ಇಳಿದಳೋ ಅವಳಿಗೆ ನೆನಪಿಲ್ಲ.

ನಾಲ್ಕು ತಿಂಗಳು ಕಳೆಯಿತು. ಅಂಗಡಿಯ ಹತ್ತೊಂಬತ್ತು ಜೇಡಗಳಿಗೆ ದಿನವೂ ನೀರು ತುಂಬುತ್ತಿದ್ದಳು. ಪ್ರತಿ ಬಟ್ಟಲ ಮುಂದೆಯೂ 'ಒಂದು ಬಟ್ಟಲು ನೀರು' ಎಂಬ ಅವನ ಮಾತೇ ಕಿವಿಯಲ್ಲಿ ಕುಟುಕುತ್ತಿತ್ತು. ಅಂಗಡಿಯ ಒಡತಿ ಎರಡು ಸಲ ಕೇಳಿದಳು, "ಏನೇ ಹುಡುಗಿ, ಮುಖ ಯಾಕೆ ಹಾಗೆ ಬತ್ತಿದೆ?" ಅವಳು ನಿದ್ದೆಯಿಲ್ಲ ಅಂದಳು. ಅದಂತೂ ನಿಜವಾಗಿತ್ತು.

ಒಂದು ಮಧ್ಯಾಹ್ನ ಅವಳು ಹಿಂದಿನ ಕೋಣೆಯಲ್ಲಿದ್ದಾಗ ಅವನ ದನಿ ಕೇಳಿಸಿತು.

"ಈ ಪೆಟ್ಟಿಗೆ ನನಗೆ ಬೇಡ. ಯಾರಿಗಾದರೂ ಕೊಡಿ." ಆಮೇಲೆ, "ಅಮ್ಮಾ, ಅಲ್ಲಿ ಆ ಜೇಡ ಸತ್ತಿದೆ ನೋಡಿ. ಇಲ್ಲೂ ಯಾರೂ ನೀರು ಹಾಕಲ್ವಾ?"

"ಬಿಡ್ತು ಅನ್ನಪ್ಪಾ!" ಒಡತಿಯ ಗಂಟಲು ಅಂಗಡಿಯೆಲ್ಲ ತುಂಬಿತು. "ಸತ್ತಿಲ್ಲ, ಪೊರೆ ಬಿಡ್ತಿದೆ. ಸಾಯುವಾಗ ಕಾಲನ್ನ ಹೊಟ್ಟೆ ಕೆಳಗೆ ಮುದುರಿಕೊಂಡು ಸಾಯುತ್ತೆ, ಹೀಗೆ ಅಂಗಾತ ಅಲ್ಲ. ಬಟ್ಟಲಿಗೆ ಮಣ್ಣು ತುಂಬೋದೂ ಅದರದ್ದೇ ಕಿತಾಪತಿ! ನಮ್ಮ ಹುಡುಗಿ ಬೆಳಗ್ಗೆ ತಾನೇ ನೀರು ಹಾಕಿದ್ಲು."



ಅವಳು ಹೊರಗೆ ಬಂದಾಗ ಅವನು ಆ ಗಾಜಿನ ಮುಂದೆ ಮಂಡಿಯೂರಿ ಕೂತಿದ್ದ. ಒಳಗಿನ ಜೇಡದ ಕಾಲೊಂದು ನಿಧಾನವಾಗಿ, ತೀರಾ ನಿಧಾನವಾಗಿ, ಹಳೆಯ ಚರ್ಮದಿಂದ ಈಚೆ ಬರುತ್ತಿತ್ತು. ಒಡತಿ ಇಬ್ಬರ ಮುಖವನ್ನೂ ನೋಡಿ, ಗಿಳಿಗಳಿಗೆ ಕಾಳು ಹಾಕುವ ನೆಪದಲ್ಲಿ ಎದ್ದುಹೋದಳು.

"ಆವತ್ತು ಅದು ಬದುಕಿತ್ತಾ?" ಅವನು ತಿರುಗದೆಯೇ ಕೇಳಿದ.

ಸುಳ್ಳು ಹೇಳಬಹುದಿತ್ತು. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕಣ್ಣೆದುರಿಗೇ ಆ ಕಾಲು ಅಲುಗುತ್ತಿರುವಾಗ...

"ಬದುಕಿತ್ತು."

ಅವನ ಭುಜಗಳು ಕುಸಿದವು. ಸದ್ದಿಲ್ಲದೆ ಅತ್ತ. ಅವಳು ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತಳು.

"ಗೊತ್ತಿದ್ದೂ ನನ್ನ ಬಾಯಿಂದ ಅಷ್ಟೆಲ್ಲ ಅನ್ನಿಸಿಕೊಂಡೆಯಾ? ಕನಿಕರಕ್ಕಾ?"

"ಕನಿಕರ ಆಗಿದ್ರೆ ಎರಡು ಸಮಾಧಾನದ ಮಾತು ಹೇಳಿ ಮನೆಗೆ ಹೋಗ್ತಿದ್ದೆ. ಪ್ರೀತಿ ಇತ್ತು... ಅದಕ್ಕೇ ಬಾಯಿ ಬರಲಿಲ್ಲ." ಅವಳು ಗಾಜಿನತ್ತ ನೋಡಿದಳು. "ಪೊರೆ ಬಿಡುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು. ನೀನು ಹೆದರ್ತೀಯ ಅಂತ ಹೇಳಲಿಲ್ಲ. ಹೇಳಿದ್ರೆ ಅದು ಉಳೀತಿತ್ತು. ನನ್ನ ಪಾಲೂ ಇದೆ ಇದರಲ್ಲಿ."

ಅವನಿಗೆ ಸಿಟ್ಟು ಬರುತ್ತದೆಂದು ಕಾದಳು. ಬರಲೂ ಬಂತು, ಅವನ ಕಣ್ಣಲ್ಲಿ ಕಂಡಿತು. ಆದರೆ ನಿಲ್ಲಲಿಲ್ಲ.

"ನನ್ನ ಮುಖ ನೋಡಿದಾಗಲೆಲ್ಲ ನಿನಗೆ ಅದೇ ನೆನಪಾಗುತ್ತೆ," ಅಂದಳು.

"ಆಗುತ್ತೆ."

"ಮತ್ತೆ?"

"ಒಬ್ಬನೇ ಕೂತು ನೆನಪು ಮಾಡಿಕೊಳ್ಳೋಕೆ ಆಗ್ತಿಲ್ಲ ಕಣೇ..."

ಅವಳು ಸರಿದು ಬಂದು ಅವನ ಕೈ ಹಿಡಿದುಕೊಂಡಳು. ಅದು ತಣ್ಣಗಿತ್ತು.

"ಆಯ್ತು," ಅಂದಳು. "ಇಬ್ಬರೂ ಕೂತ್ಕೊಳ್ಳೋಣ."