ಮುನ್ನೂರು ಅಕ್ಷರದ ಜಗಳ

ಹಾಲ್ ಬಾಡಿಗೆ ಸಾವಿರದ ಐನೂರು. ಎರಡು ಫ್ಲೆಕ್ಸಿಗೆ ಒಂಬೈನೂರು. ಬಂದವರಿಗೆ ಕಾಫಿ, ಬಿಸ್ಕತ್ತು ಆರುನೂರು. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಬಸ್ಸು ನನಗೆ ಫ್ರೀ, ಮೋಹನ್‌ಬಾಬುಗೆ ಟಿಕೆಟ್. ಖರ್ಚೆಲ್ಲ ಸಮಪಾಲು ಅಂದುಕೊಂಡಿದ್ದರಿಂದ ಅವನ ಟಿಕೆಟ್ಟಿನ ಅರ್ಧವನ್ನೂ ನಾನೇ ಕೊಟ್ಟೆ. ಸಂಜೆ ನೋಡಿದರೆ ಅವನ ಇಟಾಲಿಯನ್ ಕ್ಲಾಸಿಗೆ ಹೆಸರು ಬರೆಸಿದವರು ಹದಿನಾಲ್ಕು ಜನ. ನನ್ನ ಜಪಾನೀಸಿಗೆ ಇಬ್ಬರು.

ಹದಿನಾಲ್ಕನ್ನು ಸಹಿಸಿಕೊಳ್ಳಬಹುದಿತ್ತು. ಅದು ಬಂದ ದಾರಿಯನ್ನು ಸಹಿಸಲಾಗಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ನಮ್ಮಿಬ್ಬರ ನಡುವೆ ಬ್ಯಾಗ್ ಇಟ್ಟೆ. ಅವನು ಬ್ಯಾಗನ್ನು ನೋಡಿದ. ಆಮೇಲೆ ನನ್ನ ಕಿವಿಯೋಲೆಯನ್ನು. ಕಣ್ಣಿಗೆ ಕಣ್ಣು ಸೇರಿಸುವ ಧೈರ್ಯ ಅವನಿಗೆ ಬರಲಿಲ್ಲ.

"ಕಿಟಕಿ ತೆಗೀಲಾ?"

"ನಿಮ್ಮಿಷ್ಟ."

"ನೀವು ಅಂತೀಯಲ್ಲ. ಹಂಗಾದ್ರೆ ಜೋರಾಗೇ ಕೋಪ ಬಂದಿದೆ."

ನಾನೇ ಕಿಟಕಿ ತೆಗೆದು ಹೊರಗೆ ನೋಡಿದೆ.

ಚಿಕ್ಕಬಳ್ಳಾಪುರದಲ್ಲಿ ಬಿತ್ತನೆ ಬೀಜದ ಅಂಗಡಿಯ ಮೇಲಿನ ಒಂದೇ ರೂಮಿನಲ್ಲಿ ಎರಡು ವರ್ಷದಿಂದ ಇಬ್ಬರೂ ಪಾಠ ಹೇಳುತ್ತಿದ್ದೇವೆ. ಏಳು ಗಂಟೆಯಿಂದ ನನ್ನದು, ಒಂಬತ್ತೂವರೆಯಿಂದ ಅವನದು. ನಾನು ಜಪಾನಿನ ಒಂದು ವೃದ್ಧಾಶ್ರಮದಲ್ಲಿ ನಾಲ್ಕು ವರ್ಷ ಅಜ್ಜಿಯರಿಗೆ ಸ್ನಾನ ಮಾಡಿಸುತ್ತ ಭಾಷೆ ಕಲಿತವಳು. ಅವನು ಇಟಲಿಯ ನರ್ಸರಿಯೊಂದರಲ್ಲಿ ಗುಲಾಬಿ ಕತ್ತರಿಸುತ್ತ ಕಲಿತವನು. ಪುಸ್ತಕ ಇಬ್ಬರ ಕೈಗೂ ಆಮೇಲೆ ಬಂತು.

ನನ್ನ ಬೋರ್ಡ್ ಒರೆಸುವಾಗ ಅವನು ಒಂದು ಮೂಲೆ ಬಿಡುತ್ತಿದ್ದ. ಅಲ್ಲಿ ನಾನು ಬರೆದ ಪದದ ಕೆಳಗೆ ಅದನ್ನೇ ಇಟಾಲಿಯನ್ನಿನಲ್ಲಿ ಬರೆಯುತ್ತಿದ್ದ. ಮಾರನೆಯ ಬೆಳಿಗ್ಗೆ ಬಂದರೆ ಎರಡೂ ಜೊತೆಗಿರುತ್ತಿದ್ದವು. ನೀರು, ನೀರು. ಮನೆ, ಮನೆ. ಒಂದು ದಿನ ಮದುವೆ ಅನ್ನುವ ಪದ ಅವನ ಭಾಷೆಯಲ್ಲಿ ಮಾತ್ರ ಇತ್ತು, ಮೇಲೆ ಜಾಗ ಖಾಲಿ ಬಿಟ್ಟಿದ್ದ. ನಾನು ಅಕ್ಷರ ದುಂಡಾಗಿ ಬರೆದು ಜಾಗ ತುಂಬಿದೆ.

ಅಂಥವನು ಇವತ್ತು ಏನು ಮಾಡಿದ? ಒಬ್ಬರ ಭಾಷೆಯನ್ನು ಇನ್ನೊಬ್ಬರು ಹಳಿಯಬಾರದು ಅಂತ ಮಾತಾಗಿತ್ತು. ಮಗಳನ್ನು ಕರೆತಂದಿದ್ದ ಬಯ್ಯಪ್ಪನವರು ಎದ್ದು, "ಎರಡರಲ್ಲಿ ನಮ್ ಹುಡುಗೀಗೆ ಯಾವುದು ಸುಲಭ, ಹೇಳ್ರಪ್ಪ" ಅಂದರು. ನಾನು ಬಾಯಿ ತೆರೆಯುವುದರೊಳಗೆ ಇವನು, "ಇಟಾಲಿಯನ್ ಇಪ್ಪತ್ತೊಂದು ಅಕ್ಷರ ಸಾರ್, ಬರೆದಂಗೇ ಓದೋದು. ಜಪಾನೀಸಲ್ಲಿ ಮೂರು ಲಿಪಿ, ಚಿತ್ರದಂಥ ಅಕ್ಷರವೇ ಎರಡು ಸಾವಿರ" ಅಂದುಬಿಟ್ಟ. ಹಾಲ್‌ನಲ್ಲಿ ಕೂತವರು ಉಸ್ಸೆಂದರು. ನನ್ನ ಮುಂದಿನ ಕುರ್ಚಿಗಳು ಖಾಲಿಯಾದವು.

ಮಂಚೇನಹಳ್ಳಿ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಎರಡು ಸಾವಿರ ಬೇಕಾಗೋದು ಪೇಪರ್ ಓದೋಕೆ. ಕೆಲಸದ ಪರೀಕ್ಷೆಗೆ ಮುನ್ನೂರು ಸಾಕು. ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಉಳಿದ ಎರಡು ಲಿಪಿ ನಮ್ಮ ಕಾಗುಣಿತದ ತರ, ಕ ಕಿ ಕು ಅಂತಾನೇ ಬರುತ್ತೆ. ಮಕ್ಕಳಿಗೆ ಹದಿನೈದು ದಿನದ ಕೆಲಸ. ಅದೂ ಗೊತ್ತಿತ್ತು?"

"ನೀನೇ ಹೇಳ್ಕೊಟ್ಟಿದ್ದಲ್ಲ."

"ನಿಮ್ಮ ಭಾಷೇಲಿ ಕುರ್ಚಿ ಹೆಣ್ಣು, ಪುಸ್ತಕ ಗಂಡು. ನಾವು ಎಮ್ಮೇನೂ ಅದು ಅಂತೀವಿ, ನೀವು ಕುರ್ಚೀಗೆ ಸೀರೆ ಉಡಿಸ್ತೀರ. ಅದನ್ಯಾಕೆ ಹೇಳ್ಲಿಲ್ಲ?"

ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ ನಕ್ಕರು. ಅವನ ತುಟಿಯೂ ಅಲುಗಿತು, ನನ್ನ ಮುಖ ನೋಡಿ ಸುಮ್ಮನಾಯಿತು.

"ನಿಮ್ಮಮ್ಮನಿಗೋಸ್ಕರ ಕಣೇ," ಅಂದ.

ಪೆರೇಸಂದ್ರದಲ್ಲಿರುವ ನಮ್ಮಮ್ಮ ವೆಂಕಟರತ್ನಮ್ಮ ಹೋದ ತಿಂಗಳು ಅವನಿಗೆ ತಿಂಡಿ ಕೊಟ್ಟು ಕೇಳಿದ್ದರು, "ಎಷ್ಟು ಜನ ಮಕ್ಕಳಪ್ಪ ನಿನ್ ಕ್ಲಾಸಿಗೆ?" ನಾಲ್ಕು ಅಂದಿದ್ದ. "ಹತ್ತಾದ್ರೂ ಆಗ್ಲಿ. ಆಮೇಲೆ ಮದುವೆ ಮಾತು," ಅಂದಿದ್ದರು ಅಮ್ಮ.

"ಅಮ್ಮನ್ನ ಒಪ್ಪಿಸೋಕೆ ಮಗಳ ಹೊಟ್ಟೆ ಮೇಲೆ ಹೊಡೆದ್ರಾ?" ಅಂದೆ. "ನಾಲ್ಕು ವರ್ಷ ಊರು ಬಿಟ್ಟು ಕಲ್ತಿದ್ದು ನಾನು. ಅದನ್ನ ಮೆಟ್ಟಿಲು ಮಾಡ್ಕೊಂಡು ನನ್ನ ಕೈ ಹಿಡಿಯೋಕೆ ಬರ್ತೀರಾ? ಬರಬೇಡಿ."

"ಬಯ್ಯೋದಾದ್ರೆ ನೀನು ಅಂತ ಬಯ್ಯಿ. ಈ ಮರ್ಯಾದೆ ತಡ್ಕೊಳ್ಳೋಕಾಗಲ್ಲ."

ಸ್ಟ್ಯಾಂಡಿನಲ್ಲಿ ಇಳಿದು ತಿರುಗಿ ನೋಡದೆ ಪೆರೇಸಂದ್ರದ ಬಸ್ಸು ಹತ್ತಿದೆ.

ವಾರವಿಡೀ ಪಾಠ ಮುಗಿಸಿ ಬೋರ್ಡನ್ನು ನಾನೇ ಪೂರ್ತಿ ಒರೆಸಿದೆ. ಒಂದು ಮೂಲೆಯನ್ನೂ ಬಿಡಲಿಲ್ಲ. ಮೆಟ್ಟಿಲಲ್ಲಿ ಎದುರಾದಾಗ ಅವನು ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದ. ಅವನ ಅಂಗಿಯ ತೋಳಿನಲ್ಲಿ ಸೀಮೆಸುಣ್ಣ ಮೆತ್ತಿರುತ್ತಿತ್ತು. ಒರೆಸಬೇಕೆಂದು ಏಳುವ ಕೈಯನ್ನು ಬ್ಯಾಗಿನ ಪಟ್ಟಿಗೆ ಸುತ್ತಿಕೊಂಡು ಇಳಿಯುತ್ತಿದ್ದೆ. ಆ ಕೈಯ ಮೇಲೆ ನನಗೆ ಅವನಿಗಿಂತ ಹೆಚ್ಚು ಸಿಟ್ಟು.

ಶನಿವಾರ ಮೆಸೇಜ್ ಬಂತು. 'ನಾಳೆ ಹತ್ತಕ್ಕೆ ಅದೇ ಹಾಲ್. ಬಾಡಿಗೆ ನಾನು ಕಟ್ಟಿದ್ದೀನಿ. ಹದಿನಾಲ್ಕು ಮನೆಗೂ ಫೋನ್ ಮಾಡಿದ್ದೀನಿ. ಹಿಂದಿನ ಸಾಲಲ್ಲಿ ಕೂತ್ಕೋ, ಮಾತಾಡಬೇಡ.'

ಬೆಳಿಗ್ಗೆ ಸೀರೆ ಉಡುವಾಗ ಅಮ್ಮ ಬಾಗಿಲಲ್ಲಿ ನಿಂತರು. "ಏಮ್ಮಾ, ಕೋಪಕ್ಕೆ ಇಷ್ಟು ಒಳ್ಳೆ ಸೀರೆ ಯಾಕೆ?"

"ಇಸ್ತ್ರಿ ಆಗಿದ್ದು ಇದೊಂದೇ," ಅಂದೆ.

ಈ ಸಲ ಹಾಲ್‌ನಲ್ಲಿ ಕಾಫಿ ಇರಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತೆ. ಅವನು ಕೈಕಟ್ಟಿ ಮುಂದೆ ನಿಂತ.

"ಇಟಾಲಿಯನ್ ಮೊದಲ ತಿಂಗಳು ಸಲೀಸು. ಮಾತು ನಮ್ಮ ತೆಲುಗಿನಂಗೆ ಹಾಡ್ಕೊಂಡು ಹೋಗುತ್ತೆ. ಮೂರನೇ ತಿಂಗಳಿಗೆ ಅಳು ಬರುತ್ತೆ. ಒಂದೊಂದು ವಸ್ತೂನೂ ಗಂಡೋ ಹೆಣ್ಣೋ ನೆನಪಿಟ್ಕೋಬೇಕು. ಜಪಾನೀಸ್ ಶುರುವಲ್ಲೇ ಅಳಿಸುತ್ತೆ. ಅಕ್ಷರ ಕಲ್ತ ಮೇಲೆ ನಾವು ಮನೇಲಿ ಹೇಳೋ ವರಸೇನೇ ಅಲ್ಲೂ ಬರುತ್ತೆ, ನಾನು, ಮನೆಗೆ, ಹೋಗ್ತೀನಿ ಅಂತ. ಕೆಲಸಕ್ಕೆ ಬೇಕಾದ ಚಿತ್ರಾಕ್ಷರ ಸುಮಾರು ಮುನ್ನೂರು. ಎರಡು ಸಾವಿರ ಅಂತ ನಿಮ್ಮನ್ನ ಹೆದರಿಸಿದ್ದು ತಪ್ಪು."

ಬಯ್ಯಪ್ಪನವರು ಎದ್ದರು. "ಹೋದ್ ವಾರ ಹಂಗಂದ್ರಿ, ಈ ವಾರ ಹಿಂಗಂತೀರ. ಯಾವುದಪ್ಪ ನಂಬೋದು?"

"ಹೋದ ವಾರ ಅರ್ಧ ಹೇಳ್ದೆ ಸಾರ್. ಉಳಿದರ್ಧ ಇವತ್ತು ತಂದಿದೀನಿ."

"ಯಾಕೆ ಮುಚ್ಚಿಟ್ರಿ?"

ಅವನು ಹಿಂದಿನ ಸಾಲಿನತ್ತ ನೋಡಿದ. ಒಂದು ಕ್ಷಣವಷ್ಟೆ. ನನ್ನ ಕಿವಿ ಬಿಸಿಯಾಯಿತು.

"ಆಸೆ ಸಾರ್," ಅಂದ. "ಒಬ್ಬಳನ್ನ ಮದುವೆ ಆಗೋ ಆಸೆ. ಲೆಕ್ಕ ಬೇಗ ತೋರಿಸಬೇಕಿತ್ತು. ಅವಳ ಗಂಟನ್ನೇ ಕದ್ದು ತೋರಿಸಿದೆ."

ಯಾರೋ ಹುಡುಗಿಯರು ಕಿಸಕ್ಕೆಂದರು. ಬಯ್ಯಪ್ಪನವರು ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಮಗಳಿಗೆ ಹೇಳಿದರು, "ಆಯಮ್ಮನ ಹತ್ರ ಸೇರ್ಕೋ. ಇವನಿಗೆ ಇನ್ನೂ ಬುದ್ಧಿ ಬರ್ತಾ ಇದೆ."

ಐವರು ನನ್ನ ಕಡೆ ಬಂದರು. ನಾಲ್ವರು, "ನಿಮ್ಮಿಬ್ಬರ ಸಹವಾಸವೇ ಬೇಡ" ಅಂತ ಅಡ್ವಾನ್ಸ್ ವಾಪಸು ಇಸಕೊಂಡರು. ಅವನಿಗೆ ಐವರು ಉಳಿದರು.

ಬಸ್ಸಿನಲ್ಲಿ ನಾನು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೆ. ಅವನು ಖಾಲಿ ಜಾಗವನ್ನೇ ನೋಡುತ್ತ ತುದಿಯಲ್ಲಿ ಕೂತ.

"ಬಿದ್ದೋಗ್ತೀಯ. ಸರಿ ಕೂತ್ಕೋ," ಅಂದೆ.

"ಕೋಪ ಹೋಯ್ತಾ?"

"ಇಲ್ಲ. ಇನ್ನೊಂದು ಸಲ ಹಿಂಗೆ ಮಾಡಿದ್ರೆ ಬೋರ್ಡ್ ಒರೆಸೋ ಬಟ್ಟೇನೇ ಮುಖಕ್ಕೆ ಎಸೀತೀನಿ." ಅವನ ತೋಳಿನ ಸೀಮೆಸುಣ್ಣವನ್ನು ಬೇಕಾದ್ದಕ್ಕಿಂತ ಜೋರಾಗಿ ಒರೆಸಿದೆ. "ನಿನ್ನನ್ನ ಬಿಟ್ಟು ಬೇರೆ ಯಾರ ಮೇಲೂ ನನಗೆ ಇಷ್ಟು ಕೋಪ ಬರಲ್ಲ. ಅದೇ ದೊಡ್ಡ ತಲೆನೋವು."

ಅವನು ಆ ಕೈಯನ್ನು ಹಾಗೇ ಹಿಡಿದುಕೊಂಡ. "ಈಗ ನಂದು ಹಳಬರು ನಾಲ್ಕು, ಹೊಸಬರು ಐದು. ನಿಮ್ಮಮ್ಮ ಹತ್ತು ಅಂದಿದ್ರು. ಒಂದು ಕಮ್ಮಿ."

"ಅಮ್ಮನ ಹತ್ರ ನಾನು ಮಾತಾಡ್ತೀನಿ."

ಅಮ್ಮ ಎಲ್ಲ ಕೇಳಿಸಿಕೊಂಡರು. "ಒಂಬತ್ತು ಅಂತ ನಿಜ ಹೇಳಿದ್ನಾ? ಹನ್ನೊಂದು ಅಂತ ಸುಳ್ಳು ಹೇಳ್ಲಿಲ್ವಾ?" ಅಂದರು. ಇಲ್ಲ ಅಂದೆ. "ಹಂಗಾದ್ರೆ ಮುಂದಿನ ಭಾನುವಾರ ಅವರ ಮನೆಯವರನ್ನ ಬರೋಕೆ ಹೇಳು."

ಅವನು ಕಳೆದುಕೊಂಡದ್ದು ಒಂಬತ್ತು ಮಕ್ಕಳು, ಮತ್ತೊಂದು ಸಲದ ಹಾಲ್ ಬಾಡಿಗೆ. ನನಗೆ ಬಂದದ್ದು ಐದು ಮಕ್ಕಳು, ಮತ್ತು ಅವನು. ಅಡ್ವಾನ್ಸ್ ತೆಗೆದುಕೊಂಡು ಹೋದ ಆ ನಾಲ್ವರು ಮಾತ್ರ ಯಾವ ಭಾಷೆಯನ್ನೂ ಕಲಿಯಲಿಲ್ಲ. ಆ ನಷ್ಟ ನಮ್ಮಿಬ್ಬರದು.