ತಂಬಿಗೆಯಲ್ಲಿ ಬೆಳೆದ ಗಡ್ಡ

ಸತ್ತು ಮೂರು ತಿಂಗಳಾದವರ ಚಿತ್ರದಲ್ಲಿ ಬಣ್ಣ ಇನ್ನೂ ಆರಿರಲಿಲ್ಲ.

ಶೃಂಗೇರಿಯ ಸಬ್ ಇನ್‌ಸ್ಪೆಕ್ಟರ್ ನೀಲಾಂಬಿಕೆ ತನ್ನ ಹೆಬ್ಬೆರಳು ನೋಡಿಕೊಂಡಳು. ಹಳದಿ ಅಂಟಿತ್ತು. ಮೇಜಿನ ಮೇಲೆ ಅಂಗೈಗಿಂತ ತುಸು ದೊಡ್ಡ ಚಿತ್ರ. ಒಂದು ಹಿತ್ತಾಳೆ ತಂಬಿಗೆ, ಪಕ್ಕದಲ್ಲಿ ಎರಡು ಬಾಳೆಹಣ್ಣು. ಎದುರಿಗೆ ಸುಮಿತ್ರಮ್ಮ ಕೂತಿದ್ದರು. ಹಣೆಯಲ್ಲಿ ಕಾಸಗಲ ಕುಂಕುಮ.

"ಇದು ನಮ್ಮನೆಯವರ ಕೈ, ಮೇಡಂ. ನಿನ್ನೆ ಯಶವಂತನ ಅಂಗಡೀಲಿ ಸಿಕ್ತು."

ಸುಮಿತ್ರಮ್ಮನ ಗಂಡ ಸುಬ್ರಾಯರು ಚಿತ್ರಕಾರರು. ದೇವರ ಪಟ ಬರೆದವರಲ್ಲ. ನಲವತ್ತು ವರ್ಷ ಪಾತ್ರೆ, ಹಣ್ಣು, ವೀಳ್ಯದೆಲೆಗಳನ್ನೇ ಪುಟ್ಟ ಹಲಗೆಗಳ ಮೇಲೆ ಬರೆದು ಯಾತ್ರಿಕರಿಗೆ ಮಾರಿದವರು. ಆಷಾಢದಲ್ಲಿ ಅವರ ಚಪ್ಪಲಿ ತುಂಗೆಯ ದಡದಲ್ಲಿ ಸಿಕ್ಕಿತು. ಅವರು ಸಿಗಲಿಲ್ಲ.

"ದೇಹ ಸಿಗಲಿಲ್ಲ ಅಂತ ನಾಳೆ ದರ್ಭೆ ಬೊಂಬೆ ಸುಟ್ಟು ಕ್ರಿಯೆ ಮುಗಿಸ್ತಾರಂತೆ. ನಮ್ಮ ಭಾವನೋರು ಭಟ್ಟರಿಗೂ ಹೇಳಿಬಿಟ್ಟಿದ್ದಾರೆ. ಬೊಂಬೆ ಸುಟ್ಟ ಮೇಲೆ ಅವರು ಬಂದ್ರೂ ಬಂದ ಹಾಗಲ್ಲ. ಅಷ್ಟರೊಳಗೆ ಎಂತಾದ್ರೂ ಮಾಡಿ."

ಹೆಡ್ ಕಾನ್‌ಸ್ಟೇಬಲ್ ಹೂವಪ್ಪ ಬಾಗಿಲ ಬಳಿಯಿಂದಲೇ ಪಿಸುಗುಟ್ಟಿದ. "ಸತ್ತೋರು ಬರೀತಿದ್ದಾರೆ ಅಂತ ಪೇಟೇಲೆಲ್ಲ ಸುದ್ದಿ, ಮೇಡಂ."

"ಸತ್ತೋರಿಗೆ ಬಣ್ಣ ಯಾರು ತಂದು ಕೊಡ್ತಾರೆ, ಮಾರಾಯ? ಜೀಪ್ ತೆಗಿ."

* * *

ಯಶವಂತನ ಅಂಗಡಿಯ ಗೋಡೆಯಲ್ಲಿ ಇನ್ನೆರಡು ಚಿತ್ರಗಳಿದ್ದವು. ಅದೇ ತಂಬಿಗೆ. ಒಂದರಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಸೌತೆಕಾಯಿ. ಮೊದಲು ಎಂಟುನೂರಕ್ಕೆ ಹೋಗುತ್ತಿದ್ದ ಚಿತ್ರದ ಮೇಲೆ ಈಗ ಎಂಟು ಸಾವಿರದ ಚೀಟಿ.

"ಸತ್ತವರ ಕೈ ಅಂದ್ರೆ ಜನಕ್ಕೆ ಒಂಥರಾ ಭಕ್ತಿ," ಯಶವಂತ ನಕ್ಕ. ಬೆಣ್ಣೆಯಂಥ ಮಾತು.

"ಬಣ್ಣ ಹಸಿಯಾಗಿದೆ."

"ಹಳೇ ಸ್ಟಾಕೇ, ಮೇಡಂ. ಮೊನ್ನೆ ವಾರ್ನಿಷ್ ಹೊಡೆಸಿದೆ. ಅದು ಅಂಟೋದು. ನಕಲು ಅನ್ನೋ ಅನುಮಾನ ಇದ್ರೆ ಶೆಟ್ಟಿಕೊಪ್ಪದ ಅರ್ಪಣಾನ ಕೇಳಿ. ಅವರ ಶಿಷ್ಯೆ. ಜಗಳ ಆಡ್ಕಂಡು ಹೋದವಳು. ಅವರ ಕೈಯನ್ನ ಹಾಗೇ ಇಳಿಸ್ತಾಳೆ."

ನೀಲಾಂಬಿಕೆ ಮೂರೂ ಚಿತ್ರಗಳನ್ನು ಜೀಪಿಗೆ ಹಾಕಿಸಿದಳು.

* * *

ಅರ್ಪಣಾ ಹಸಿ ಚಿತ್ರದ ಅಂಚಿಗೆ ಸೂಜಿ ಚುಚ್ಚಿ ನೋಡಿದಳು. "ವಾರ್ನಿಷ್ ಅಲ್ಲ. ಒಳಗಿನ ಬಣ್ಣಾನೇ ಹಸಿ. ಬರೆದು ಹತ್ತು ದಿನ ಆಗಿರಬಹುದು."

"ಬರೆದಿದ್ದು ನೀನಾ?"

"ಬಾಳೆಹಣ್ಣು ನಾನೂ ಬರೀಬಲ್ಲೆ. ಇದು ಬರಲ್ಲ." ಅವಳು ಭೂತಗನ್ನಡಿಯನ್ನು ತಂಬಿಗೆಯ ಹೊಟ್ಟೆಯ ಮೇಲೆ ಹಿಡಿದಳು. "ಮೇಷ್ಟ್ರು ಕಾಣದ್ದನ್ನ ಬರೀತಿರಲಿಲ್ಲ. ಕಂಡದ್ದನ್ನ ಬಿಡ್ತಾನೂ ಇರಲಿಲ್ಲ. ಹೊಳಪಲ್ಲಿ ಕಂಡ ಕಿಟಕಿ, ಕೂತ ನಾವು, ಎಲ್ಲಾ ಬರೀಬೇಕು ಅನ್ನೋರು. ನಂಗೆ ಅಷ್ಟು ತಾಳ್ಮೆ ಇಲ್ಲ. ಅದಕ್ಕೇ ಜಗಳ."

ನೀಲಾಂಬಿಕೆ ಬಗ್ಗಿದಳು. ಹಿತ್ತಾಳೆಯ ಹೊಳಪಿನಲ್ಲಿ ಕಾಳಿನಷ್ಟು ಕಿಟಕಿ. ಕಿಟಕಿಯಾಚೆ ಬೂದು ನೀರು. ನೀರಿನೊಳಗೆ ಬೋಳು ಮರಗಳು ನಿಂತಿದ್ದವು. ಈಚೆ ಕುಂಚ ಹಿಡಿದು ಕೂತ ಒಬ್ಬ ಮುದುಕ.

ನಿಂಬೆಹಣ್ಣಿನ ಚಿತ್ರದಲ್ಲಿ ಅವನಿಗೆ ಕುರುಚಲು ಗಡ್ಡ. ಸೌತೆಕಾಯಿಯದರಲ್ಲಿ ಗಡ್ಡ ಗಲ್ಲ ಮುಚ್ಚಿತ್ತು. ಬಾಳೆಹಣ್ಣಿನದರಲ್ಲಿ ಕುತ್ತಿಗೆಯೂ ಕಾಣುತ್ತಿರಲಿಲ್ಲ.

ಹೂವಪ್ಪನ ಬಾಯಲ್ಲಿ ರಾಮನಾಮ ಶುರುವಾಗಿತ್ತು.

ನೀಲಾಂಬಿಕೆ ಸುಮಿತ್ರಮ್ಮನಿಗೆ ಫೋನ್ ಮಾಡಿದಳು. "ಅಮ್ಮಾ, ನಿಮ್ಮನೆಯವರು ಯಾವಾಗಾದ್ರೂ ಗಡ್ಡ ಬಿಟ್ಟಿದ್ರಾ?"

"ಜನ್ಮದಲ್ಲಿ ಬಿಟ್ಟೋರಲ್ಲ. ಎಂತಕ್ಕೆ?"

"ಆಮೇಲೆ ಹೇಳ್ತೀನಿ." ಫೋನ್ ಇಟ್ಟು ಹೂವಪ್ಪನ ಕಡೆ ತಿರುಗಿದಳು. "ನೀರಲ್ಲಿ ಬೋಳು ಮರ ನಿಂತಿರೋದು ಎಲ್ಲಿ?"

"ಎನ್.ಆರ್. ಪುರದ ಹತ್ರ, ಭದ್ರಾ ಹಿನ್ನೀರಲ್ಲಿ." ಹೂವಪ್ಪ ತಡೆದು ತಡೆದು ಮುಂದುವರಿಸಿದ. "ಮೇಡಂ, ಯಶವಂತ ಮೊದಲು ಅಲ್ಲಿ ಮೀನಿನ ಗುತ್ತಿಗೆ ಹಿಡಿದಿದ್ದ. ಬಲೆ ಇಡೋ ಕೋಣೆ ಇನ್ನೂ ಇದೆ."

* * *

ಮಟಮಟ ಮಧ್ಯಾಹ್ನ. ಆದರೂ ಹಿನ್ನೀರಿನ ಅಂಚಿನಲ್ಲಿ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಸತ್ತ ಮರಗಳು ಸೊಂಟಮಟ್ಟದ ನೀರಿನಲ್ಲಿ ಸಾಲಾಗಿ ನಿಂತಿದ್ದವು. ಕೋಣೆಯ ಬಾಗಿಲಿಗೆ ಬೀಗವಿರಲಿಲ್ಲ. ಚಿಲಕವೂ ಇರಲಿಲ್ಲ. ತಳ್ಳಿದರೆ ತೆರೆದುಕೊಂಡಿತು.

ಒಳಗೆ ಎಣ್ಣೆಬಣ್ಣದ ವಾಸನೆ. ಬಾಗಿಲಿಗೆ ಬೆನ್ನು ಹಾಕಿ ಕೂತವರು ತಿರುಗದೆಯೇ ಕೇಳಿದರು. "ಹಣ್ಣು ತಂದ್ಯಾ, ಯಶವಂತ?"

"ಸುಬ್ರಾಯರೇ, ನಾನು ಪೊಲೀಸು. ಬಾಗಿಲು ತೆರೆದೇ ಇದೆಯಲ್ಲ. ಯಾಕೆ ಮನೆಗೆ ಹೋಗಲಿಲ್ಲ?"

"ಎಲ್ಲಿಗೆ ಹೋಗೋದು, ತಾಯಿ? ನಾನು ಸತ್ತಿದ್ದೀನಲ್ಲ." ದನಿಯಲ್ಲಿ ದುಃಖವೂ ಇರಲಿಲ್ಲ. "ನನ್ನ ಬೊಂಬೆ ಸುಟ್ಟಾಯ್ತು. ಕ್ರಿಯೆ ಆದವನು ಹೊಸಿಲು ತುಳಿದ್ರೆ ಮನೆಗೆ ಕೇಡು. ಅವಳಾದ್ರೂ ಚೆನ್ನಾಗಿರಲಿ ಅಂತ ಇಲ್ಲೇ ಕೂತೆ."

"ಸುಟ್ಟಾಯ್ತು ಅಂತ ಯಾರು ಹೇಳಿದ್ದು?"

"ಯಶವಂತ."

"ಬೊಂಬೆ ಸುಟ್ಟಿಲ್ಲ. ನಾಳೆ ಸುಡ್ತಾರೆ. ಬೆಳಿಗ್ಗೆ ನಿಮ್ಮ ಹೆಂಡತಿ ಠಾಣೆಗೆ ಬಂದಿದ್ರು. ಹಣೇಲಿ ಕುಂಕುಮ ಇತ್ತು."

ಕುಂಚ ನೆಲಕ್ಕೆ ಬಿತ್ತು. ಮುದುಕರು ಮಗುವಿನ ಹಾಗೆ ಅತ್ತರು.

* * *

"ಅವರಾಗೇ ಇದ್ದದ್ದು, ಮೇಡಂ," ಯಶವಂತ ಅಂಗಡಿಯಲ್ಲಿ ಬೆವರುತ್ತ ಹೇಳಿದ. "ನಾನು ಬೀಗ ಹಾಕಿದ್ನಾ?"

"ಬೀಗ ಯಾಕೆ ಬೇಕು? ನಿನ್ನ ಸುಳ್ಳೇ ಸಾಕಾಯ್ತು." ನೀಲಾಂಬಿಕೆ ಕುರ್ಚಿ ಎಳೆದು ಕೂತಳು. "ಸುಬ್ರಾಯರು ಎಲ್ಲಾ ಹೇಳಿದ್ದಾರೆ. ಹದಿನೈದು ದಿನದ ಕೆಲಸ, ಮನೆಗೆ ನಾನೇ ಹೇಳ್ತೀನಿ ಅಂತ ಕರ್ಕಂಡು ಹೋದೆ. ಹೊಸ ಚಪ್ಪಲಿ ಕೊಟ್ಟೆ, ಹಳೇದನ್ನ ನದಿ ದಡದಲ್ಲಿಟ್ಟೆ. ಕೊಡೆ ಮಾತ್ರ ಅವರ ಜೊತೇಲೇ ಹೋಯ್ತು, ದಡದಲ್ಲಿ ಇರಲಿಲ್ಲ. ಆಷಾಢದ ಮಳೇಲಿ ಕೊಡೆ ಇಲ್ಲದೆ ನದಿಗೆ ಹೋಗೋ ಶೃಂಗೇರಿಯವರನ್ನ ತೋರಿಸು ನೋಡೋಣ. ಆವತ್ತು ನಾವೂ ಅದನ್ನ ಯೋಚಿಸಲಿಲ್ಲ, ತಪ್ಪು ನಮ್ಮದೂ ಇದೆ. ಆಮೇಲೆ ಅವರ ಕ್ರಿಯೆ ಆಯ್ತು ಅಂತ ಅವರಿಗೇ ಹೇಳಿದೆ. ಸತ್ತವರ ಚಿತ್ರಕ್ಕೆ ಹತ್ತು ಪಟ್ಟು ಬೆಲೆ."

"ಅವು ಹಳೇ ಚಿತ್ರ..."

"ಹಳೇ ಚಿತ್ರದಲ್ಲಿ ಗಡ್ಡ ಬೆಳೆಯುತ್ತಾ? ಇಷ್ಟು ದಿನ ಮಾರಿದೆ, ಒಂದು ಸಲವೂ ನೆಟ್ಟಗೆ ನೋಡಲಿಲ್ಲ. ಹೂವಪ್ಪ, ಕೈಗೆ ಕೋಳ ಹಾಕು."

* * *

ಸಂಜೆ ಸುಬ್ರಾಯರ ಅಂಗಳದಲ್ಲಿ ಭಟ್ಟರು ಬೊಂಬೆ ಕಟ್ಟಿ ಮುಗಿಸಿದ್ದರು. ದರ್ಭೆಯ ತಲೆ, ದರ್ಭೆಯ ಕೈಕಾಲು. ಜೀಪಿನಿಂದ ಇಳಿದವರನ್ನು ಕಂಡು ಸುಬ್ರಾಯರ ಅಣ್ಣ ಅಂಗಳದ ಕಂಬ ಹಿಡಿದುಕೊಂಡರು. ಯಾರೋ ಹಿಂದಕ್ಕೆ ಸರಿದರು. ಸುಬ್ರಾಯರು ತಮ್ಮ ಬೊಂಬೆಯನ್ನೇ ನೋಡುತ್ತ ಅಂಗಳದ ತುದಿಯಲ್ಲಿ ನಿಂತುಬಿಟ್ಟರು.

ಸುಮಿತ್ರಮ್ಮ ಹೊರಗೆ ಬಂದರು. ಒಂದು ಗಳಿಗೆ ಗಡ್ಡವನ್ನೇ ನೋಡಿದರು.

"ನಾನು ಒಳಗೆ ಬರಬಹುದಾ?" ಸುಬ್ರಾಯರು ಕೇಳಿದರು.

ಸುಮಿತ್ರಮ್ಮ ನೆಟ್ಟಗೆ ಹೋಗಿ ಭಟ್ಟರ ಮುಂದಿದ್ದ ಬೊಂಬೆಯನ್ನು ಎತ್ತಿಕೊಂಡು, ಕಟ್ಟು ಬಿಚ್ಚಿ, ದರ್ಭೆಯನ್ನೆಲ್ಲ ಕಂಕುಳಿಗೆ ಒತ್ತಿಕೊಂಡರು.

"ಅಯ್ಯೋ, ಅದನ್ನೆಂತ ಮಾಡ್ತೀರಿ ಸುಮಿತ್ರಮ್ಮ?" ಭಟ್ಟರು ಎದ್ದು ನಿಂತರು.

"ಬಚ್ಚಲ ಒಲೆಗೆ ಹಾಕ್ತೀನಿ, ಭಟ್ಟರೇ. ಇವರ ಸ್ನಾನಕ್ಕೆ ನೀರು ಕಾಯ್ಬೇಕಲ್ಲ."